ಗೇರು ತೆಗೆದ ಸೈಕಲ್ಲು

ಇವತ್ತು ಅವರು ಬರುತ್ತಾರೆ ಎನ್ನುವುದು ಶಾಕಿರನಿಗೆ ಕಣ್ಣು ಬಿಡುವ ಮೊದಲೇ ನೆನಪಾಯಿತು. ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡ. ಹೆಂಡತಿ ನಿಗಾರ್ ಎದ್ದುಹೋಗಿ ಎಷ್ಟೋ ಹೊತ್ತಾಗಿತ್ತು. ಅಡುಗೆಮನೆಯಿಂದ ಮಂಡಕ್ಕಿ ಸುಸಲಾಕ್ಕೆ ಹಾಕಿದ ಒಗ್ಗರಣೆಯ ವಾಸನೆಯೂ ಅಂಗಳದಿಂದ ಅಬ್ಬಾ ಕೆಮ್ಮುವ ಸದ್ದೂ ಬರುತ್ತಿದ್ದವು. ಮೈಗೆ ಹುಷಾರಿಲ್ಲವೆಂದು ಹೇಳಿ ಇಡೀ ದಿನ ಹಾಸಿಗೆ ಹಿಡಿದರೆ ಹೇಗೆ ಎಂದು ಯೋಚಿಸಿದ. ನಲವತ್ತು ದಾಟಿ, ಮೀಸೆಯಲ್ಲಿ ಬಿಳಿ ಇಣುಕುತ್ತಿರುವ ಗಂಡಸು ಶಾಲೆ ತಪ್ಪಿಸುವ ಹುಡುಗನ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಅದೂ ಅಲ್ಲದೆ ತಾನು ಹೋಗದಿದ್ದರೆ ಅಂಗಡಿಯಲ್ಲಿ ಅಬ್ಬಾ ಒಬ್ಬರೇ ಇರುತ್ತಾರೆ, ಸೈಕಲ್ಲು ಒಪ್ಪಿಸುವವರು ಅವರೇ ಆಗುತ್ತಾರೆ, ಮಗನನ್ನು ಬಾಯ್ತುಂಬ ಹೊಗಳಿ ಹೊಗಳಿ ಒಪ್ಪಿಸುತ್ತಾರೆ. ಅದಕ್ಕಿಂತ ತಾನೇ ಹೋಗುವುದು ವಾಸಿ ಎಂದುಕೊಂಡು ಎದ್ದ.

ತಟ್ಟೆಯ ಮುಂದೆ ಕೂತು ಸುಸಲಾವನ್ನು ಬೆರಳಲ್ಲಿ ಕೆದಕುತ್ತಿದ್ದ. 'ಕ್ಯಾ ಹುವಾ?' ಎಂದು ನಿಗಾರ್ ಕೇಳಿದಳು. ಏನಿಲ್ಲವೆಂದು ತಲೆ ಆಡಿಸಿದ. ಅಷ್ಟರಲ್ಲಿ ಅಂಗಳದಿಂದ ಅಬ್ಬಾ, 'ಆಜ್ ಆತೇಂ ನಾ ಉನೋ, ದೇವದುರ್ಗ ವಾಲೇ?' ಎಂದು ಕೂಗಿದರು. ಬರುತ್ತಾರೆ ಎಂದ. ಅಬ್ಬಾ ಖುಷಿಯಲ್ಲಿದ್ದರು. ಗೇರಿನ ಸೈಕಲ್ಲೊಂದು ದೇವದುರ್ಗ ತಾಲೂಕಿನಿಂದ ಮಾನ್ವಿಗೆ, ಅಮೀರ್ ಸಾಬ ಎಂಬ ತಮ್ಮ ಹೆಸರು ಕೇಳಿಕೊಂಡು ಬಂದಿದೆ ಎಂಬುದೇ ಅವರಿಗೆ ವಾರವೆಲ್ಲ ಮೆಲುಕು ಹಾಕುವ ಸಂಗತಿಯಾಗಿತ್ತು. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಪಾನಾ, ಸುತ್ತಿಗೆ ಹಿಡಿಯುವುದನ್ನು ಬಿಟ್ಟಿದ್ದಾರೆ. ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹೋಗಿಬರುವವರ ದನಿ ಗುರುತು ಹಿಡಿದು ಮಾತಾಡಿಸುತ್ತಾರೆ. ಬೋರ್ಡಿನ ಮೇಲೆ ಈಗಲೂ ಅವರದೇ ಹೆಸರು. ಬೋರ್ಡಿನ ಕೆಳಗೆ ಶಾಕಿರ ಮೋಟಾರ್ ಸೈಕಲ್ಲುಗಳ ಪಂಕ್ಚರ್ ತಿದ್ದುತ್ತಾನೆ, ಅಕ್ಕಿ ವ್ಯಾಪಾರಿಗಳ ಮಕ್ಕಳ ಪುಟಾಣಿ ಸೈಕಲ್ಲುಗಳಿಗೆ ಗಾಳಿ ತುಂಬುತ್ತಾನೆ. ಉಸ್ತಾದನ ಮಗ ಎಂದು ಜನ ಇಟ್ಟುಕೊಂಡಿರುವ ಮರ್ಯಾದೆ ತನ್ನ ಅಳತೆಗೆ ಹೊಲಿಸಿದ ಅಂಗಿಯಲ್ಲ ಎಂದು ಅವನಿಗೆ ಎಷ್ಟೋ ವರ್ಷದಿಂದ ಗೊತ್ತು. ಆದರೂ ತೊಟ್ಟುಕೊಂಡು ತಿರುಗುತ್ತಾನೆ.

ಆ ಸೈಕಲ್ಲನ್ನು ತಂದ ಹೆಂಗಸು ದುರುಗಮ್ಮ ಅಂಗಡಿಗೆ ಬಂದ ದಿನ ಬಿಸಿಲು ಚುರುಚುರು ಎನ್ನುತ್ತಿತ್ತು. ತವರುಮನೆ ಪೋತ್ನಾಳಕ್ಕೆ ಬಂದವಳು, ಟಂಟಂ ಆಟೋದ ಹಿಂದೆ ಸೈಕಲ್ಲನ್ನು ಹಗ್ಗದಿಂದ ಬಿಗಿದು ತಂದಿದ್ದಳು. ಬಣ್ಣ ಮಾಸಿದ, ದಪ್ಪ ಟೈರಿನ, ಗುಡ್ಡಗಾಡಿನ ಸೈಕಲ್ಲು. ಶಕ್ತಿನಗರದಲ್ಲಿ ಗುತ್ತಿಗೆ ಕೆಲಸಕ್ಕಿರುವ ಅವಳ ತಮ್ಮ ಜಗದೀಶನಿಗೆ ಯಾರೋ ಇಂಜಿನಿಯರು ವರ್ಗವಾಗಿ ಹೋಗುವಾಗ ಬಿಟ್ಟುಹೋದದ್ದಂತೆ. ಅವನು ಅಕ್ಕನ ಮನೆಗೆ ಕೊಟ್ಟನಂತೆ. ಗೇರು ಹಾಕಿದರೆ ನಿಲ್ಲುತ್ತಿಲ್ಲ, ಚೈನು ಜಿಗಿಯುತ್ತದೆ ಎಂದಳು. 'ದೇವದುರ್ಗದಾಗ ತೋರಿಸಿದ್ವಿರಿ ಅಣ್ಣಾ. ಅವರು ನನ್ನಿಂದ ಆಗಂಗಿಲ್ಲ, ಮಾನ್ವಿ ಅಮೀರ್ ಸಾಬರ ಕಡೆ ಒಯ್ರಿ ಅಂದ್ರು.' ನನ್ನಿಂದ ಆಗಂಗಿಲ್ಲ. ಎಷ್ಟು ಸಲೀಸಾದ ಮಾತು! ದೇವದುರ್ಗದ ಆ ಯಾರೋ ಮನುಷ್ಯ ಅದನ್ನು ಹೇಳಿ, ಕೈ ಒರೆಸಿಕೊಂಡು, ಊಟಕ್ಕೆ ಹೋಗಿರಬೇಕು. ಶಾಕಿರನೂ ಹೇಳಬಹುದಿತ್ತು, ಬಾಯಿ ತೆರೆದಿದ್ದ ಕೂಡ. ಆದರೆ ಕುರ್ಚಿಯಿಂದ ಅಬ್ಬಾ, 'ಅದಕ್ಯಾಕ ಚಿಂತಿ ಮಾಡ್ತಿ ಯವ್ವಾ, ನನ್ನ ಮಗ ಗೇರಿನ ಕೆಲಸ ಹೈದರಾಬಾದಿನಾಗ ಕಲ್ತು ಬಂದಾನ' ಎಂದುಬಿಟ್ಟರು. ಹೈದರಾಬಾದಿನಲ್ಲಿ ಶಾಕಿರ ಕಲಿತದ್ದು ಗೋದಾಮಿನಲ್ಲಿ ಹೊಸ ಸೈಕಲ್ಲುಗಳ ಹ್ಯಾಂಡಲ್ ಬಿಗಿಯುವುದನ್ನು. ಗೇರಿನವನ್ನು ಬೇರೆಯವರು ಬೇರೆ ಕೋಣೆಯಲ್ಲಿ ಕೂಡಿಸುತ್ತಿದ್ದರು, ಇವನು ಬಾಗಿಲ ಸಂದಿನಿಂದ ನೋಡಿದ್ದುಂಟು. ಅದನ್ನು ಅಬ್ಬಾಗೆ ಯಾವತ್ತೂ ಹೇಳಿರಲಿಲ್ಲ.

ಅಬ್ಬಾ ತಮ್ಮ ಪದ್ಧತಿಯಂತೆ, 'ಕೂಡ್ರೋರು ಯಾರವ್ವಾ?' ಎಂದು ಕೇಳಿದ್ದರು. ಹತ್ತುವವನ ಕಾಲು ನೋಡದೆ ಅವರು ಯಾವ ಸೈಕಲ್ಲಿಗೂ ಕೈ ಹಚ್ಚಿದವರಲ್ಲ. ಸೀಟಿನ ಮೇಲೆ ಕೂಡಿಸಿ, ಪೆಡಲ್ ತುಳಿಸಿ, ಆಮೇಲೆ ಕೆಲಸ. ದುರುಗಮ್ಮ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, 'ನಮ್ಮ ಮನ್ಯಾಗಿನವರು ರೀ' ಎಂದಷ್ಟೇ ಹೇಳಿ ನೆಲ ನೋಡಿದಳು. ಹೆಂಡತಿಯಾದವಳು ಪರರ ಅಂಗಡಿಯಲ್ಲಿ ಗಂಡನ ಹೆಸರನ್ನೇ ಹೇಳುವುದಿಲ್ಲ, ಇನ್ನು ಅವನ ಮೈಯ ಸಂಗತಿ ಹೇಳುವಳೇ? ಕೆಲಸ ಅಬ್ಬಾನದೇ ಆಗಿದ್ದರೆ ಅವರನ್ನೇ ಕರಕೊಂಡು ಬಾ ಎಂದು ಹಟ ಹಿಡಿಯುತ್ತಿದ್ದರು. ಶಾಕಿರನಿಗೆ ಅವಳು ಬೇಗ ಹೋದರೆ ಸಾಕಾಗಿತ್ತು. 'ಇಟ್ಟು ಹೋಗು ತಂಗೀ, ಮಾಡಿ ಇಡ್ತೀನಿ' ಎಂದ. ಸುತ್ತ ಹತ್ತಾರು ಹರದಾರಿ ಕಾಲುವೆ ನೀರು, ಭತ್ತದ ಗದ್ದೆ, ಅಂಗೈಯಂಥ ನೆಲ. ಇಲ್ಲಿ ಹುಟ್ಟಿ ಇಲ್ಲೇ ಸೈಕಲ್ ತುಳಿದವನಿಗೆ ಗೇರೆಂದರೆ ಸಾಹುಕಾರರ ಮಕ್ಕಳ ಶೋಕಿ, ಹ್ಯಾಂಡಲ್ಲಿಗೆ ಕಟ್ಟುವ ಜರಿ ಗೊಂಡೆಯ ಹಾಗೆ, ಇದ್ದರೂ ಆದೀತು, ಇಲ್ಲದಿದ್ದರೂ ಆದೀತು.

ಅದರ ಗೇರು ಮುರಿದದ್ದು ಹೇಗೆ ಎಂಬುದನ್ನು ಅವನು ಅಂಗಡಿಗೆ ನಡೆಯುತ್ತ, ಬಸ್‌ಸ್ಟ್ಯಾಂಡಿನ ಮುಂದಿನ ಕಲ್ಲಂಗಡಿ ರಾಶಿಯನ್ನು ಸುತ್ತಿ ಹಾಯುತ್ತ, ಇನ್ನೊಮ್ಮೆ ಮನಸ್ಸಿನಲ್ಲೇ ನೋಡಿದ. ದಿನಕ್ಕೆ ಎಷ್ಟು ಸಲ ನೋಡಿದರೂ ಅದು ಹಾಗೆಯೇ ಮುರಿಯುತ್ತಿತ್ತು. ಫೋನಿನ ವಿಡಿಯೋದಲ್ಲಿ ಒಬ್ಬ ಹುಡುಗ ಹಿಂದಿಯಲ್ಲಿ ನಗುನಗುತ್ತ ತೋರಿಸಿಕೊಟ್ಟ: ಈ ಸ್ಕ್ರೂ ಹೀಗೆ, ಆ ಸ್ಕ್ರೂ ಹಾಗೆ. ಶಾಕಿರ ಸೈಕಲ್ಲನ್ನು ಒಳಗೆಳೆದು, ಅಬ್ಬಾಗೆ ಫೋನಿನ ದನಿ ಕೇಳದಂತೆ ಮಾಡಿ, ಹುಡುಗ ಹೇಳಿದ ಹಾಗೆ ತಿರುಗಿಸಿದ. ನಿಜ ಹೇಳಬೇಕೆಂದರೆ ಅದಕ್ಕೆ ಆಗಿದ್ದಿಷ್ಟೇ: ಗೇರಿನ ತಂತಿಯ ಎಳೆ ಬಿಚ್ಚಿಕೊಂಡಿತ್ತು, ಬೇರೆ ತಂತಿ ಹಾಕಿದ್ದರೆ ಮುಗಿಯುತ್ತಿತ್ತು. ಅದು ಗೊತ್ತಾದದ್ದು ಆಮೇಲೆ. ಸ್ಕ್ರೂ ತಿರುಗಿಸಿ, ಹಿಂದಿನ ಗಾಲಿಯನ್ನು ಎತ್ತಿ ಹಿಡಿದು, ಪೆಡಲನ್ನು ಜೋರಾಗಿ ತಿರುಗಿಸಿದ. ಚೈನು ದೊಡ್ಡ ಹಲ್ಲಿನ ಚಕ್ರವನ್ನೂ ದಾಟಿ ಕಡ್ಡಿಗಳೊಳಗೆ ನುಗ್ಗಿತು. ಚೈನನ್ನು ಆಚೀಚೆ ದಾಟಿಸುವ ಆ ಸಣ್ಣ ಕಬ್ಬಿಣದ ಕೈ ತಿರುಚಿಕೊಂಡು, ಟಕ್ಕೆಂದು ಮುರಿದು ಜೋತುಬಿತ್ತು. ಹೊರಗಿನಿಂದ ಅಬ್ಬಾ, 'ಕ್ಯಾ ಆವಾಜ್ ಥಾ ರೇ?' ಎಂದು ಕೇಳಿದರು. ಏನೂ ಇಲ್ಲ, ಪಾನಾ ಬಿತ್ತು ಎಂದ. ಎಷ್ಟು ಸರಾಗವಾಗಿ ಬಂತು ಆ ಸುಳ್ಳು, ನಾಲಿಗೆಯ ತುದಿಯಲ್ಲೇ ಕೂತು ಕಾಯುತ್ತಿತ್ತೇನೋ ಎಂಬಂತೆ.

ಮರುದಿನ ಆ ತುಂಡನ್ನು ಜೇಬಿನಲ್ಲಿಟ್ಟುಕೊಂಡು ರಾಯಚೂರಿಗೆ ಹೋಗಿದ್ದ. ಅಬ್ಬಾಗೆ ಟ್ಯೂಬು ತರಲಿಕ್ಕೆಂದು ಹೇಳಿ ಹೋದದ್ದು. ಗಾಜಿನ ಬಾಗಿಲಿನ, ತಣ್ಣನೆ ಗಾಳಿಯ ಅಂಗಡಿ; ಸೈಕಲ್ಲುಗಳು ಗೋಡೆಗೆ ನೇತುಬಿದ್ದಿದ್ದವು. ಕೌಂಟರಿನಲ್ಲಿದ್ದವನ ಮುಂದೆ ತುಂಡನ್ನಿಟ್ಟು 'ಇದು ಬೇಕಾಗಿತ್ತು' ಎಂದ. ಅದರ ಹೆಸರು ಅವನಿಗೆ ಗೊತ್ತಿರಲಿಲ್ಲ. ಎಷ್ಟು ಸ್ಪೀಡಿನ ಗೇರಿಂದು ಎಂದು ಕೌಂಟರಿನವನು ಕೇಳಿದ. ಶಾಕಿರ ಗೋಡೆಯ ಮೇಲಿನ ಸೈಕಲ್ಲುಗಳ ಕಡೆ ನೋಡಿದ. 'ಗಾಡಿ ನಿಮ್ದೇನ್ರೀ?' ಎಂದ ಅವನು, ಒರಟಾಗಿಯೇನಲ್ಲ, ಗಿರಾಕಿಗೆ ತಿಳಿಯದಿದ್ದರೆ ಹೇಳಿಕೊಡಬೇಕೆಂಬ ಸಹನೆಯಿಂದಲೇ. 'ಮೆಕ್ಯಾನಿಕ್ಕಿಗೆ ಕೇಳಿ ಬರ್ರಿ. ಅವರಿಗೆ ಗೊತ್ತಿರ್ತದ.' ಶಾಕಿರ ಹೂಂಗುಟ್ಟಿದ. ಉಗುರಿನ ಸಂದಿನಲ್ಲಿ ಗ್ರೀಸು ಕಪ್ಪಗೆ ಕೂತಿದ್ದ ಕೈಯನ್ನು ಮೆಲ್ಲಗೆ ಕೌಂಟರಿನಿಂದ ಕೆಳಗಿಳಿಸಿ ಬೆನ್ನ ಹಿಂದೆ ಇಟ್ಟುಕೊಂಡ. ಕೇಳಿ ಬರುತ್ತೇನೆ ಎಂದು ಹೊರಬಿದ್ದವನು ಬಸ್ಸಿನಲ್ಲಿ ಮಾನ್ವಿಯವರೆಗೂ ಕಿಟಕಿಯಾಚೆಯೇ ನೋಡುತ್ತ ಬಂದ. ಆ ಅಂಗಡಿಗೆ ಮತ್ತೆ ಹೋಗುವುದಕ್ಕಿಂತ ಏನು ಮಾಡಲಿಕ್ಕೂ ತಾನು ತಯಾರು ಎನಿಸಿತ್ತು.

ಮಾಡಿದ್ದು ಇದು. ಪೋತ್ನಾಳದಿಂದ ದುರುಗಮ್ಮ ಫೋನು ಮಾಡಿ 'ಆತೇನ್ರೀ ಅಣ್ಣಾ?' ಎಂದಾಗ, 'ತಂಗೀ, ಟಂಟಂದಾಗ ತರುವಾಗ ಎಲ್ಲೋ ಬಡದದ ನೋಡು. ಗೇರಿನ ಕೈ ಮುರದದ. ನಾ ಬಿಚ್ಚಿ ನೋಡಿದ ಮ್ಯಾಲೆ ಗೊತ್ತಾತು' ಎಂದ. ಆ ಕಡೆ ಯಾವುದೋ ಆಡು ಕೂಗುವುದು ಕೇಳಿಸಿತು, ಮಗುವೊಂದು ಅಳುವುದು ಕೇಳಿಸಿತು. ಆಮೇಲೆ ಸಣ್ಣ ದನಿಯಲ್ಲಿ, 'ಹೌದೇನ್ರೀ... ನಾನಽ ಹಿಡಕೊಂಡು ಕುಂತಿದ್ನಲ್ರೀ' ಎಂದಳು. ಅವಳು ಜಗಳಕ್ಕೆ ಬಂದಿದ್ದರೆ, ನೀನೇ ಮುರಿದಿದ್ದೀಯ ಎಂದು ಕೂಗಾಡಿದ್ದರೆ, ಅವನೂ ಕೂಗಾಡಿ ಹಗುರಾಗುತ್ತಿದ್ದ. ಅವಳು ಹಾಗೆ ಮಾಡಲಿಲ್ಲ. 'ಗೇರು ತೆಗೆದು ಸಾದಾ ಸೈಕಲ್ಲಿನಂಗ ಮಾಡಿ ಕೊಡ್ತೀನಿ, ಗಟ್ಟಿ ಇರ್ತದ, ಮತ್ತ ಕೆಡೂ ಮಾತಽ ಇಲ್ಲ' ಎಂದ. ನಿಮಗೆ ತಿಳಿದ ಹಾಗೆ ಮಾಡಿರಿ ಎಂದಳು. ಅಬ್ಬಾಗೂ ಶಾಕಿರ ಅದನ್ನೇ ಹೇಳಿದ.

ಕೆಲಸವನ್ನೇನೋ ಅಚ್ಚುಕಟ್ಟಾಗಿಯೇ ಮಾಡಿದ. ಹಿಂದಿನ ಗಾಲಿಯಲ್ಲಿದ್ದ ಹಲ್ಲಿನ ಚಕ್ರಗಳ ಗೊಂಚಲನ್ನು ಕಳಚುವ ಹತ್ಯಾರ ಅವನಲ್ಲಿ ಇರಲಿಲ್ಲವಾದ್ದರಿಂದ ಉಳಿಯಿಟ್ಟು ಸುತ್ತಿಗೆಯಿಂದ ಹೊಡೆದು ಹೊಡೆದು ಬಿಚ್ಚಿದ. ಅದು ಇನ್ನು ಯಾರ ಉಪಯೋಗಕ್ಕೂ ಬಾರದ ಹಾಗೆ ಕಿತ್ತುಬಂತು. ಅದರ ಜಾಗದಲ್ಲಿ ಸಾದಾ ಸೈಕಲ್ಲಿನ ಒಂಟಿ ಫ್ರೀವೀಲು ಕೂಡಿಸಿದ. ಪೆಡಲಿನ ಪಕ್ಕದ ಹಲ್ಲಿನ ಚಕ್ರಗಳಲ್ಲಿ ದೊಡ್ಡದೊಂದನ್ನೇ ಉಳಿಸಿದ, ಏರಿಗೆ ಭಾರವಾದರೂ ನೆಲ ಸಪಾಟಾಗಿದ್ದರೆ ಅದೇ ಜೋರು ಓಡುವುದು. ಚೈನು ಸೊಟ್ಟಗೆ ಹೋಗದಂತೆ ವಾಷರುಗಳನ್ನು ಒಂದೊಂದೇ ಇಟ್ಟು, ತೆಗೆದು, ಇಟ್ಟು, ಒಂದು ಕಣ್ಣು ಮುಚ್ಚಿ ನೇರ ನೋಡಿದ. ಚೈನಿನ ಹೆಚ್ಚಿನ ಕೊಂಡಿಗಳನ್ನು ಕಳೆದು ಗಾಲಿಯನ್ನು ಹಿಂದಕ್ಕೆಳೆದು ಬಿಗಿದ. ಬೀದಿಯಲ್ಲಿ ಒಂದು ಸುತ್ತು ಹೊಡೆದರೆ ಬೆಣ್ಣೆಯಂತೆ ಹೋಯಿತು, ಸದ್ದೇ ಇಲ್ಲ. ಎಷ್ಟೋ ವರ್ಷಗಳಲ್ಲಿ ತನ್ನ ಕೈಯಿಂದ ಇಂಥ ಕೆಲಸ ಆಗಿರಲಿಲ್ಲ ಎಂಬುದು ಹೊಳೆದು ಒಂದು ಗಳಿಗೆ ಎದೆ ಉಬ್ಬಿತು. ಉಬ್ಬಿತಲ್ಲ, ಅದನ್ನು ಈಗ ನೆನೆಸಿಕೊಂಡರೆ ಮುಖ ಎಲ್ಲಿಡಬೇಕೆಂದು ತಿಳಿಯುವುದಿಲ್ಲ.

ಬಿಸಿಲೇರುವ ಹೊತ್ತಿಗೆ ಅಂಗಡಿಯ ಮುಂದೆ ಟಂಟಂ ನಿಂತಿತು. ಮೊದಲು ಇಳಿದದ್ದು ದುರುಗಮ್ಮ. ಇಳಿದವಳು ತಿರುಗಿ ಕೈ ಕೊಟ್ಟಳು. ಆ ಕೈ ಹಿಡಿದು ಇಳಿದವನು ತಲೆಗೆ ಹಳದಿ ಪಟಗ ಸುತ್ತಿದ್ದ, ಶಾಕಿರನದೇ ವಯಸ್ಸಿನ, ಅಗಲ ಎದೆಯ ಗಂಡಸು. ನೆಲಕ್ಕೆ ಕಾಲಿಟ್ಟವನು ಎಡ ಅಂಗೈಯನ್ನು ತೊಡೆಯ ಮೇಲೆ ಒತ್ತಿ, ಒತ್ತಿ, ಪ್ರತಿ ಹೆಜ್ಜೆಗೂ ಒಂದು ಪಕ್ಕ ಕುಸಿದು ಏಳುತ್ತ ಬಂದ. ಮೇಲೆತ್ತಿ ಕಟ್ಟಿದ ಧೋತರದ ಕೆಳಗೆ ಎಡಗಾಲು ಮಗುವಿನ ತೋಳಿನಷ್ಟೇ ಸಣ್ಣಗಿತ್ತು. ಶಾಕಿರ ಕಾಲನ್ನು ನೋಡಿದ, ತಾನು ಉಳಿಸಿದ್ದ ದೊಡ್ಡ ಹಲ್ಲಿನ ಚಕ್ರವನ್ನು ನೋಡಿದ, ಮತ್ತೆ ಕಾಲನ್ನು ನೋಡಿದ. ಕೈಯಲ್ಲಿದ್ದ ಬಟ್ಟೆಯಿಂದ ಈಗಾಗಲೇ ಒರೆಸಿದ್ದ ಸೀಟನ್ನು ಇನ್ನೊಮ್ಮೆ ಒರೆಸತೊಡಗಿದ.

'ನಮಸ್ಕಾರ್ರೀ ಯಪ್ಪಾ. ನಾ ಕನಕಪ್ಪ, ದುರುಗಮ್ಮನ ಮನಿಯವ' ಎಂದು ಬಂದವನು ಅಬ್ಬಾನ ಎದುರು ಬಾಗಿದ. ಮಾತುಗಾರ ಮನುಷ್ಯ. ಕೇಳುವ ಮೊದಲೇ ತನ್ನ ಕತೆ ಬಿಚ್ಚಿಟ್ಟ. 'ನಮ್ದು ಗುಡ್ಡದ ಬುಡಕ ದೊಡ್ಡಿರೀ, ನಾಕು ಮನಿ ಅಷ್ಟಽ. ಕುರಿಹಟ್ಟಿ ಗುಡ್ಡದ ಮ್ಯಾಲೆ. ಕುರಿ ಹಿಂದ ನಡಿಯಾಕ ಬರಲಾರದಾವಗ ಕುರಿ ಪಾಲು ಯಾಕ ಬೇಕು ಅಂತಿದ್ರು ನಮ್ಮ ಅಣ್ಣಗೋಳು. ಖರೆ ಮಾತಽ ಅಲ್ಲೇನ್ರೀ? ಇಕಿ ತಮ್ಮ ಈ ಸೈಕಲ್ ಕೊಟ್ಟ ಮ್ಯಾಲೆ ನೋಡ್ರಿ, ನಾನಽ ಮ್ಯಾಲೆ ಹೋಗಿ ಬರಾಕತ್ತೀನಿ. ಎಲ್ಲಾಕ್ಕಿಂತ ಸಣ್ಣ ಗೇರಿಗೆ ಹಾಕಿಬಿಟ್ರ ಒಂದಽ ಕಾಲಲೆ ಏರ್ತದ್ರೀ ಅದು! ನಾಳಿಗೆ ಕುರಿ ಪಾಲು ಮಾಡ್ತಾರ. ಯಾರ ಹೆಗಲೂ ಹಿಡೀಲಾರದ ಮ್ಯಾಲೆ ಬಂದು ನಿಂದ್ರು, ನಿನ್ನ ಪಾಲು ನಿನಗ ಅಂದಾರ.' ಅಬ್ಬಾ ಶಹಬ್ಬಾಸ್ ಎಂದು ತೊಡೆ ತಟ್ಟಿದರು. ದುರುಗಮ್ಮ ಕಂಬದ ಮರೆಯಲ್ಲಿ ನಿಂತು ಶಾಕಿರನನ್ನೇ ನೋಡುತ್ತಿದ್ದಳು. ಆ ನೋಟ ಅವನಿಗೆ ತಕ್ಷಣ ಅರ್ಥವಾಯಿತು: ಗಂಡನಿಗೆ ಅವಳು ಇನ್ನೂ ಏನೂ ಹೇಳಿಲ್ಲ.

ಕನಕಪ್ಪ ಸೈಕಲ್ ಹತ್ತಿ ಬೀದಿಯ ತುದಿಯವರೆಗೆ ಹೋಗಿ ಬಂದ. ಸಪಾಟು ನೆಲ, ಬಲಗಾಲಿನಿಂದ ಒತ್ತಿ, ಎಡಗಾಲನ್ನು ಪೆಡಲಿನ ಮೇಲೆ ಸುಮ್ಮನೆ ಇಟ್ಟುಕೊಂಡು, ನಗುತ್ತಲೇ ಬಂದ. 'ಸದ್ದಽ ಇಲ್ಲಲ್ರೀ ಅಣ್ಣಾ' ಎಂದು ಹೇಳುತ್ತಿದ್ದ ಹಾಗೆ ಅವನ ಹೆಬ್ಬೆರಳು ಹ್ಯಾಂಡಲ್ಲಿನ ಮೇಲೆ ಏನನ್ನೋ ಹುಡುಕಿತು. ಹಿಂದೆ ಸರಿಯಿತು, ಮುಂದೆ ಸರಿಯಿತು. ಅವನು ಬಗ್ಗಿ ನೋಡಿದ, ಆಮೇಲೆ ಹಿಂದಿನ ಗಾಲಿಯ ಕಡೆ ಬಗ್ಗಿ ನೋಡಿದ. 'ಗೇರು ಎಲ್ಲಿ ಅದಾವ್ರೀ?'

ಶಾಕಿರನಿಗಿಂತ ಮೊದಲು ಅಬ್ಬಾ, 'ಟಂಟಂದಾಗ ಬಡದು ಮುರದಿತ್ತಂತಪ್ಪಾ. ನನ್ನ ಮಗ ಚೊಲೋ ಮಾಡಿ ಸಾದಾ ಸೈಕಲ್ ಮಾಡ್ಯಾನ' ಎಂದರು. ಕನಕಪ್ಪನ ಮುಖದ ಮೇಲಿನ ನಗು ಇದ್ದಲ್ಲೇ ಇತ್ತು, ತೆಗೆಯಲು ಮರೆತಂತೆ. ಅವನು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

'ಏನ್ ಬೇ? ಹುಷಾರಿಲೆ ಒಯ್ಯಿ ಅಂತ ಎಷ್ಟ ಸಾರಿ ಹೇಳಿದ್ದೆ ನಿನಗ?'

'ಹಗ್ಗಲೆ ಕಟ್ಟಿದ್ವಿರಿ...'

'ಕಟ್ಟಿದ್ರ ಹೆಂಗ ಮುರೀತದ? ನಾಳೆ ನಾ ಹೆಂಗ ಏರ್ಲಿ? ನಿನ್ನ ತಲಿ ಮ್ಯಾಲೆ ಕುಂತು ಏರ್ಲೇನು?'

ಬೀದಿಯಲ್ಲಿ ಹೋಗುತ್ತಿದ್ದ ಒಬ್ಬಿಬ್ಬರು ನಿಂತರು. ದುರುಗಮ್ಮ ಹಣೆ ಸುಕ್ಕುಮಾಡಿ ಬಹಳ ಕಷ್ಟದಿಂದ ಏನನ್ನೋ ನೆನಪಿಗೆ ತಂದುಕೊಳ್ಳುತ್ತಿದ್ದಳು. 'ಪೋತ್ನಾಳದಾಗ ಹಿಂದ್ಲಿಂದ ಮಂದಿ ದಬ್ಬಿದ್ರು ರೀ' ಎಂದಳು ಕೊನೆಗೆ. 'ಆಗ ನನ್ನ ಕೈ ಸಡ್ಲ ಆತು. ಕಲ್ಲಿಗೆ ಟಕ್ ಅಂತ ಬಡೀತು. ಹೌದು, ಆಗಽ. ತಪ್ಪಾತ್ರೀ.'

ಕೈ ಸಡಿಲಾಗಿರಲಿಲ್ಲ, ಕಲ್ಲೂ ಇರಲಿಲ್ಲ, ಟಕ್ಕೆಂಬ ಆ ಸದ್ದು ಈ ಅಂಗಡಿಯೊಳಗೆ ಆದದ್ದು. ಅವನು ಫೋನಿನಲ್ಲಿ ಒಗೆದ ಒಂದು ಸುಳ್ಳನ್ನು ಅವಳು ಪೋತ್ನಾಳಕ್ಕೆ ಒಯ್ದು, ದಿನಗಟ್ಟಲೆ ಅದರ ಜೊತೆ ಮಲಗಿ ಎದ್ದು, ಅದಕ್ಕೊಂದು ಜಾಗ, ಒಂದು ಕಲ್ಲು, ಒಂದು ಸದ್ದು ಎಲ್ಲ ಒದಗಿಸಿ ತನ್ನದಾಗಿ ಮಾಡಿಕೊಂಡಿದ್ದಳು. ಶಾಕಿರನಿಗೆ ಅವಳ ಮುಖ ನೋಡಲಾಗಲಿಲ್ಲ. 'ಆಕಿ ಮುರದಿಲ್ಲ' ಎಂದ. ದನಿ ತನ್ನದೆಂದು ಗುರುತು ಸಿಗಲಿಲ್ಲ. 'ಆಕೀಗಿ ಏನೂ ಅನಬ್ಯಾಡ್ರಿ. ನಾನಽ ಮುರದೀನಿ. ನನ್ನ ಕೈಯಾಗ ಮುರೀತು.'

ಸದ್ಯ ಹೇಳಿಬಿಟ್ಟೆ, ಇನ್ನು ಏನು ಬೇಕಾದರೂ ಆಗಲಿ ಎಂದು ಅವನು ಕಣ್ಣು ಮುಚ್ಚಿದ. ಆದರೆ ಈ ಸೀಮೆಯಲ್ಲಿ ಹಾಗೊಂದು ರೂಢಿಯಿದೆ: ಗಂಡ ಹೆಂಡತಿಯನ್ನು ನಾಲ್ಕು ಜನರೆದುರು ಬೈಯತೊಡಗಿದರೆ, ಪಕ್ಕದಲ್ಲಿದ್ದ ಹಿರಿಯನೊಬ್ಬ, ನಂದೇ ತಪ್ಪು ಅಂದುಕೋ, ಆ ಹೆಣ್ಣುಮಗಳನ್ನು ಬಿಡು ಎಂದು ಅದನ್ನು ತನ್ನ ಮೈಮೇಲೆ ಎಳೆದುಕೊಳ್ಳುತ್ತಾನೆ. ಅಲ್ಲಿಗೆ ಬೈಗುಳ ನಿಲ್ಲಬೇಕು, ಅದು ಮರ್ಯಾದೆ. ಕಣ್ಣು ಬಿಟ್ಟ ಶಾಕಿರ ಕನಕಪ್ಪನ ಸಿಟ್ಟು ನೀರಾಗುವುದನ್ನು ಕಂಡ. 'ಬಿಡ್ರಿ ಅಣ್ಣಾ' ಎಂದ ಕನಕಪ್ಪ, ನಾಚಿಕೊಂಡು. 'ನಿಮ್ಮ ಬಾಯಿಲೆ ಇಂಥಾ ಮಾತು ಆಡಿಸಿದೆ. ಸಿಟ್ಟಿನಾಗ ಬಾಯಿ ಜಾರಿತು. ನಿಮ್ಮಂಥೋರು ಮುರೀತಾರೇನ್ರೀ?'

'ಇಲ್ಲ, ಖರೇನಽ ಹೇಳಾಕತ್ತೀನಿ.'

'ಗೊತ್ತಾತು ಬಿಡ್ರಿ. ದೊಡ್ಡ ಮನಸ್ಸು ನಿಮ್ದು.'

ಅಬ್ಬಾ ಕುರ್ಚಿಯ ಕೈ ತಟ್ಟಿ, 'ಕೇಳಿದ್ಯಾ ಕನಕಪ್ಪ, ನನ್ನ ಮಗ ಅಡ್ಡ ಬಂದ ಮ್ಯಾಲೆ ಇನ್ನ ಆಕೀಗಿ ಒಂದು ಮಾತು ಅನಬಾರದು' ಎಂದರು. ಪೊರೆ ಕಟ್ಟಿದ ಅವರ ಕಣ್ಣುಗಳು ಒದ್ದೆಯಾಗಿದ್ದವು. ನಿಂತು ನೋಡುತ್ತಿದ್ದವರಲ್ಲೊಬ್ಬ ಮೆಚ್ಚಿ ತಲೆಯಾಡಿಸಿ ಮುಂದೆ ನಡೆದ. ಇನ್ನೊಂದೇ ಮಾತು ಸಾಕಿತ್ತು. ಫೋನಿನ ಹುಡುಗ, ಕಡ್ಡಿಗಳೊಳಗೆ ನುಗ್ಗಿದ ಚೈನು, ಉಳಿಯ ಏಟು, ರಾಯಚೂರಿನ ಗಾಜಿನ ಬಾಗಿಲು, ಎಲ್ಲ ಸಾಲಾಗಿ ಬಾಯಿಗೆ ಬಂದು ನಿಂತಿದ್ದವು. ಅವುಗಳಲ್ಲಿ ಯಾವುದೊಂದನ್ನು ಹೇಳಿದ್ದರೂ ಯಾರೂ ಅದನ್ನು ದೊಡ್ಡ ಮನಸ್ಸು ಎನ್ನುತ್ತಿರಲಿಲ್ಲ. ಹೇಳಲಿಲ್ಲ. ಅಬ್ಬಾಗೆ ಹೆದರಿ ಎಂದು ಆಮೇಲೆ ತನಗೆ ತಾನು ಸಮಾಧಾನ ಹೇಳಿಕೊಳ್ಳಬಹುದಿತ್ತು, ಆದರೆ ನಿಜ ಬೇರೆ ಇತ್ತು. ಅವರೆಲ್ಲ ಹಾಗೆ ನೋಡುತ್ತಿದ್ದದ್ದು ಅವನಿಗೆ ಹಿತವಾಗಿತ್ತು. ಎಷ್ಟೋ ವರ್ಷಗಳ ಮೇಲೆ ಯಾರೋ ಅವನನ್ನು, ಅಬ್ಬಾನ ಹೆಸರಿಲ್ಲದೆ, ಅವನನ್ನೇ ದೊಡ್ಡವನೆಂದಿದ್ದರು. ಆ ಹಿತ ಮೈತುಂಬ ಹರಿಯುತ್ತಿದ್ದಂತೆ ಅವನು ಕೈಯಲ್ಲಿದ್ದ ಬಟ್ಟೆಯನ್ನು ಮೂಲೆಗೆ ಎಸೆದ.

'ಎರಡು ದಿನ ಬಿಟ್ಟು ಹೋಗ್ರಿ, ರಾಯಚೂರಿಂದ ಗೇರು ತರಿಸಿ ಹಾಕ್ತೀನಿ' ಎಂದ, ಸೋತ ದನಿಯಲ್ಲಿ. ಕನಕಪ್ಪ ಒಪ್ಪಲಿಲ್ಲ. ಪಾಲು ನಾಳೆಯೇ; ಇದ್ದದ್ದರಲ್ಲೇ ಹೇಗೋ ಏರುತ್ತೇನೆ ಎಂದ. ಶಾಕಿರ ಕೂಲಿ ಬೇಡವೆಂದಾಗ ಅದಕ್ಕೂ ಕೈ ಮುಗಿದ. ಬಸ್‌ಸ್ಟ್ಯಾಂಡಿನವರೆಗೆ ಸೈಕಲ್ ಮೇಲೆಯೇ ಹೋಗುತ್ತೇನೆ, ಕಾಲಿಗೆ ರೂಢಿಯಾಗಬೇಕಲ್ಲ ಎಂದು ಹತ್ತಿ ಹೊರಟ. ದುರುಗಮ್ಮ ಹಿಂದೆ ಹಿಂದೆ ನಡೆದಳು.

ಬೀದಿ ಮುಗಿದಲ್ಲಿ ಕಾಲುವೆಯ ಸೇತುವೆ, ಅದಕ್ಕೆ ಸಣ್ಣದೊಂದು ಏರು. ಮಾನ್ವಿಯವರು ಯಾರೂ ಅದನ್ನು ಏರೆಂದು ಕರೆಯುವುದಿಲ್ಲ, ಎಮ್ಮೆಗಳು ಕೂಡ ಅಲ್ಲಿ ನಡಿಗೆ ನಿಧಾನ ಮಾಡುವುದಿಲ್ಲ. ಕನಕಪ್ಪ ಬಲಗಾಲಿನ ಮೇಲೆ ಪೂರ್ತಿ ಭಾರ ಹಾಕಿ ಎದ್ದು ನಿಂತ. ಪೆಡಲು ಕೆಳಗಿಳಿಯಿತು, ಎಡಗಾಲಿನ ಸರದಿ ಬಂದಾಗ ಗಾಲಿ ನಿಂತುಹೋಯಿತು. ಕಾಲೂರಿದ. ಮತ್ತೆ ಹತ್ತಿದ, ಮತ್ತೆ ನಿಂತಿತು. ಪಾನ್ ಅಂಗಡಿಯ ಮುಂದಿದ್ದವರು ತಿರುಗಿ ನೋಡಿದರು, ಯಾರೋ ನಕ್ಕರು. ಆಗ ದುರುಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಕ್ಯಾರಿಯರ್ ಹಿಡಿದು, ತಲೆ ತಗ್ಗಿಸಿ ದಬ್ಬತೊಡಗಿದಳು. ಕನಕಪ್ಪ ಬೇಡವೆನ್ನಲಿಲ್ಲ, ಹಿಂತಿರುಗಿಯೂ ನೋಡಲಿಲ್ಲ. ಹ್ಯಾಂಡಲ್ ನೆಟ್ಟಗೆ ಹಿಡಿದು ಎದುರಿಗೇ ನೋಡುತ್ತ ಕೂತಿದ್ದ.

'ಚಡ್ಗಯಾ ಕ್ಯಾ?' ಏರಿದನೇ ಎಂದು ಅಬ್ಬಾ ಕುರ್ಚಿಯಿಂದ ಕೇಳಿದರು.

'ಹೌ ಅಬ್ಬಾ, ಚಡ್ಗಯಾ' ಎಂದ ಶಾಕಿರ.

ಸೇತುವೆಯ ಮೇಲೆ ತಲುಪಿದ ಮೇಲೆ ದುರುಗಮ್ಮ ಉಸಿರಿಗೆ ನಿಂತು ಅಂಗಡಿಯ ಕಡೆ ತಿರುಗಿದಳು. ಇವನು ಬಾಗಿಲಲ್ಲಿ ನಿಂತಿರುವುದನ್ನು ಕಂಡು ಅಷ್ಟು ದೂರದಿಂದಲೇ ಎರಡೂ ಕೈ ಜೋಡಿಸಿ ಹಣೆಗೆ ಮುಟ್ಟಿಸಿದಳು. ಶಾಕಿರ ಕೈ ಎತ್ತಿ ಆ ನಮಸ್ಕಾರವನ್ನು ತೆಗೆದುಕೊಂಡ.